ಮನೆಯ ಅಂತರ್ಜಾಲಕ್ಕೊಂದು ಜ್ವರದ ಪಟ್ಟಿ

ಮಗುವಿಗೆ ಜ್ವರ ಬಂದಾಗ ಉಷ್ಣಮಾಪಕವನ್ನು ಒಮ್ಮೆ ಇಟ್ಟು ನೋಡಿದ ಮಾತ್ರಕ್ಕೆ ರೋಗದ ಸ್ವರೂಪವು ತಿಳಿಯದು. ಬೆಳಿಗ್ಗೆ ಎಷ್ಟಿತ್ತು, ಸಂಜೆಗೆ ಎಷ್ಟೇರಿತು ಎಂದು ವೈದ್ಯರು ಕೇಳುವರು. ಮನೆಯ ಅಂತರ್ಜಾಲದ ಸಂಗತಿಯೂ ಹಾಗೆಯೇ. ವೇಗವನ್ನು ಒಮ್ಮೆ ಅಳೆದು, ಕಂಡ ಅಂಕಿಯನ್ನೇ ನಂಬಿ ಹಿಗ್ಗುವವರೂ ಸಿಟ್ಟಾಗುವವರೂ ಉಂಟು. ಆ ಅಂಕಿಯು ಆ ಕ್ಷಣಕ್ಕೆ ಸಾಕ್ಷಿಯೇ ಹೊರತು ದಿನಕ್ಕೆ ಸಾಕ್ಷಿಯಲ್ಲ.

ಈ ಕೊರತೆಯನ್ನು ನೀಗಲು ರೇಖಾಚಿತ್ರ ಬರೆಯುವ ತಂತ್ರಾಂಶಗಳಿವೆ. 1994ರಲ್ಲಿ ತೋಬಿಯಾಸ್ ಓಟಿಕರ್ ಎಂಬುವರು ದುಡಿಯುತ್ತಿದ್ದ ಸಂಸ್ಥೆಗೆ ಹೊರಲೋಕದ ಸಂಪರ್ಕವೆಂದರೆ ಸೆಕೆಂಡಿಗೆ 64 ಕಿಲೋಬಿಟ್ಟಿನ ಒಂದೇ ಮಾರ್ಗ. ಅದರ ಮೇಲೆ ಬೀಳುವ ಭಾರವೆಷ್ಟೆಂದು ಎಲ್ಲರಿಗೂ ಕುತೂಹಲ. ಅದಕ್ಕಾಗಿ ಅವರು ರಚಿಸಿದ ‘ಎಂ.ಆರ್.ಟಿ.ಜಿ.’ಯು ಐದು ನಿಮಿಷಕ್ಕೊಮ್ಮೆ ರೂಟರಿನ ಎಣಿಕೆಯನ್ನು ಓದಿ, ಒಳಬಂದುದಕ್ಕೂ ಹೊರಹೋದುದಕ್ಕೂ ಬೇರೆಬೇರೆ ಗೆರೆ ಎಳೆಯುತ್ತದೆ. ಅವರದೇ ‘ಸ್ಮೋಕ್‌ಪಿಂಗ್’ ದೂರದ ಗಣಕಕ್ಕೆ ಕಿರುಸಂದೇಶಗಳನ್ನು ಕಳುಹಿಸಿ, ಉತ್ತರ ಬರಲು ಹಿಡಿದ ಕಾಲವನ್ನೂ ಕಳೆದುಹೋದವುಗಳ ಲೆಕ್ಕವನ್ನೂ ಚಿತ್ರಿಸುತ್ತದೆ. ಎರಡೂ ಉಚಿತ. ಎಣಿಕೆಯನ್ನು ತಿಳಿಸಬಲ್ಲ ರೂಟರೂ ಹಗಲಿರುಳು ನಡೆಯುವ ಸಣ್ಣದೊಂದು ಗಣಕವೂ ಇದ್ದರಾಯಿತು.

ಪರದೇಶದಲ್ಲಿರುವ ಮಗಳೊಡನೆ ರಾತ್ರಿ ಒಂಬತ್ತಕ್ಕೆ ಮಾತನಾಡುವುದು ನಮ್ಮ ಮನೆಯ ಪದ್ಧತಿ. ಕೆಲವು ವಾರಗಳ ಕಾಲ ನಮ್ಮ ಮಾತು ಅವಳಿಗೆ ತುಂಡುತುಂಡಾಗಿ ಕೇಳುತ್ತಿತ್ತು. ನನ್ನ ತಾಯಿಯವರು ಹೇಳಿದ್ದನ್ನೇ ಮೂರು ಸಲ ಹೇಳಿ, ಬೇಸತ್ತು ಎದ್ದುಹೋಗುವರು. ಸಂಪರ್ಕ ಒದಗಿಸುವವರ ಮೇಲೆ ಕಟುವಾದ ದೂರೊಂದನ್ನು ಬರೆದಿಟ್ಟೆನು. ಕಳುಹಿಸುವ ಮೊದಲು ಒಂದು ವಾರ ಗೆರೆಗಳನ್ನು ನೋಡಿದೆನು. ಒಳಬರುವ ಗೆರೆ ತಗ್ಗಿನಲ್ಲಿತ್ತು. ಹೊರಹೋಗುವ ಗೆರೆಯಾದರೋ ಪ್ರತಿರಾತ್ರಿ ಒಂಬತ್ತಕ್ಕೆ ಮೇಲ್ಮಿತಿಯನ್ನು ಮುಟ್ಟಿ ಒಂದು ತಾಸು ಅಲ್ಲಿಯೇ ನಿಲ್ಲುತ್ತಿತ್ತು. ಉತ್ತರದ ಕಾಲವೂ ಆಗಲೇ ಏರುತ್ತಿತ್ತು. ವಿಚಾರಿಸಲಾಗಿ, ಮಗನ ಗಣಕವು ತನ್ನಲ್ಲಿದ್ದ ಚಿತ್ರಗಳ ಪ್ರತಿಯನ್ನು ದೂರದ ಉಗ್ರಾಣಕ್ಕೆ ಸಾಗಿಸುವ ಹೊತ್ತು ಅದೇ ಆಗಿತ್ತು! ಆ ಕೆಲಸವನ್ನು ನಡುರಾತ್ರಿಗೆ ಬದಲಿಸಿ, ದೂರನ್ನು ಹರಿದು ಹಾಕಿದೆನು.

ಹಾಗೆಂದು ತಪ್ಪು ಯಾವಾಗಲೂ ಮನೆಯದೇ ಎನ್ನಲಾಗದು. ಮನೆಯ ಬಳಕೆಯ ಗೆರೆಗಳೆರಡೂ ತಗ್ಗಿರುವಾಗಲೂ ಉತ್ತರಗಳು ತಡವಾದರೆ, ಇಲ್ಲವೆ ಕಳೆದುಹೋದರೆ, ದೋಷವು ಹೊರಗಿರುವ ಸಂಭವವೇ ಹೆಚ್ಚು. ಆದರೆ ಅಳೆಯುವ ಗಣಕವನ್ನು ರೂಟರಿಗೆ ತಂತಿಯಿಂದಲೇ ಜೋಡಿಸಿರಬೇಕು. ವೈಫೈ ಆದರೆ ಗೋಡೆಗಳ ದೋಷವೂ ಲೆಕ್ಕದಲ್ಲಿ ಸೇರುವುದು. ಇನ್ನೊಂದು ಮಾತು: ಎಂಟು ಬಿಟ್ಟು ಸೇರಿದರೆ ಒಂದು ಬೈಟು. ಆದುದರಿಂದ 40 ಮೆಗಾಬಿಟ್ಟಿನ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟು ಬಂದರೆ ಅದನ್ನು ಮೋಸವೆಂದು ತಿಳಿಯಬಾರದು.

ಇಷ್ಟನ್ನು ಪರೀಕ್ಷಿಸಿದ ಬಳಿಕವೂ ತೊಂದರೆ ಉಳಿದರೆ, ತಿಥಿ ವೇಳೆಗಳುಳ್ಳ ಆ ಚಿತ್ರವನ್ನೇ ದೂರಿನೊಡನೆ ಲಗತ್ತಿಸಬಹುದು. ಕೋಪದ ನಾಲ್ಕು ಪುಟಗಳಿಗಿಂತ ಅಂಥ ಒಂದು ಗೆರೆಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ. ನಮ್ಮ ಮನೆಯಲ್ಲಿ ಈಗ ಒಂಬತ್ತು ಗಂಟೆಗೆ ತಾಯಿಯವರು ಒಂದು ಸಲ ಹೇಳಿದರೆ ಸಾಕಾಗುತ್ತದೆ.