ಗೋದಾಮಿಗೆ ಒಗ್ಗದ ಬೀಜಗಳು

ಅಕೇಶಿಯಾ ಬೀಜವನ್ನು ಒಣಗಿಸಿ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದಿಟ್ಟರೆ ವರ್ಷಗಳು ಕಳೆದರೂ ಕೆಡುವುದಿಲ್ಲ. ಬೇಕಾದಾಗ ತೆಗೆದು, ಕುದಿಯುವ ನೀರು ಸುರಿದು, ಒಂದು ರಾತ್ರಿ ನೆನೆಯಲು ಬಿಟ್ಟು ಮಡಿಗೆ ಚೆಲ್ಲಿದರೆ ಸಾಕು, ಸಾಲುಸಾಲಾಗಿ ಮೊಳಕೆ ಬರುತ್ತದೆ. ಆಗುಂಬೆ ಕಾಡಿನ ಧೂಪದ ಬೀಜವನ್ನು ಇದೇ ರೀತಿ ಒಣಗಿಸಿ ಡಬ್ಬಕ್ಕೆ ತುಂಬಿ ನೋಡಿ. ಮುಂದಿನ ಮಳೆಗಾಲಕ್ಕೆ ಅದರಲ್ಲಿ ಉಳಿಯುವುದು ಸತ್ತ ಕಾಯಿ ಮಾತ್ರ.

ಶಿವಮೊಗ್ಗ ಜಿಲ್ಲೆಯ ಗುಡ್ಡಗಳ ಮೇಲೆ ಅಕೇಶಿಯಾ ಹಬ್ಬಿದ್ದಕ್ಕೆ ಕಾರಣಗಳು ಎಲ್ಲರಿಗೂ ಗೊತ್ತು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ತಿರುಳು ಬೇಕಿತ್ತು. ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ಕಡೆಯಿಂದ ಬಂದ ಈ ಮರ ಬೇಗ ಬೆಳೆಯುತ್ತದೆ, ಜಂಬಿಟ್ಟಿಗೆ ನೆಲಕ್ಕೂ ಹೆದರುವುದಿಲ್ಲ, ದನಗಳು ಬಾಯಿ ಹಾಕುವುದಿಲ್ಲ. ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಆದವು, ನೆಡುತೋಪುಗಳ ಬಗ್ಗೆ ಮಲೆನಾಡಿನಲ್ಲಿ ಜಗಳ ಮಾತ್ರ ನಿಂತಿಲ್ಲ. ಆ ಜಗಳದಲ್ಲಿ ಹೆಚ್ಚು ಕೇಳಿಬರದ ಒಂದು ಕಾರಣವೂ ಇದೆ. ಅಕೇಶಿಯಾ ಬೀಜವನ್ನು ಮೂಟೆ ಕಟ್ಟಿ ಇಡಬಹುದು, ಲಾರಿಯಲ್ಲಿ ಸಾಗಿಸಬಹುದು, ಬಜೆಟ್ ಬಿಡುಗಡೆಯಾದ ತಿಂಗಳಲ್ಲಿ ಬಿತ್ತಬಹುದು. ಸರ್ಕಾರಿ ಕಡತಕ್ಕೆ ಇದಕ್ಕಿಂತ ಹೊಂದುವ ಬೀಜ ಸಿಗಲಾರದು. ಲಕ್ಷಗಟ್ಟಲೆ ಸಸಿ ಎಬ್ಬಿಸುವ ಯಾವ ದೊಡ್ಡ ನರ್ಸರಿಯಾದರೂ, ಯಾರದ್ದೇ ಆಗಿರಲಿ, ಗೋದಾಮಿಗೆ ಒಗ್ಗುವ ಬೀಜವನ್ನೇ ಮೊದಲು ಆರಿಸುತ್ತದೆ. ಒಗ್ಗದ ಬೀಜಗಳನ್ನು ಬೆಳೆಸುವವರು ಬೇರೆಯೇ ಆಗಬೇಕು. ಶಿವಮೊಗ್ಗ ನಗರದ ವಿದ್ಯಾನಗರದಂಥ ಬಡಾವಣೆಯಲ್ಲಿ ಹತ್ತು ಮನೆಯವರು ಸೇರಿ, ಸಂಬಳವಿಲ್ಲದೆ, ಸಂಜೆಯ ಬಿಡುವಿನಲ್ಲಿ ನಮ್ಮ ಸೀಮೆಯ ಗಿಡಗಳ ನರ್ಸರಿ ನಡೆಸುವುದಕ್ಕೆ ಜೀವಶಾಸ್ತ್ರದ ಸಮರ್ಥನೆ ಇರುವುದು ಇಲ್ಲೇ.

ಬೀಜಗಳಲ್ಲಿ ಒಣಗಲು ಒಪ್ಪುವವು ಮತ್ತು ಒಪ್ಪದವು ಎಂಬ ಎರಡು ಪಂಗಡಗಳನ್ನು ಬ್ರಿಟನ್ನಿನ ಇ. ಎಚ್. ರಾಬರ್ಟ್ಸ್ 1973ರಲ್ಲಿ ಗುರುತಿಸಿದರು. ಭತ್ತ, ರಾಗಿ, ತೊಗರಿ, ಹೊನ್ನೆ, ಬೀಟೆ, ಕಕ್ಕೆ ಮೊದಲ ಪಂಗಡದವು. ಇವು ಗಿಡದ ಮೇಲೆ ಬಲಿಯುವಾಗಲೇ ನೀರನ್ನು ಬಿಟ್ಟುಕೊಡುತ್ತಾ ಬರುತ್ತವೆ. ಜೀವಕೋಶದೊಳಗೆ ಸಕ್ಕರೆಗಳೂ ಕೆಲವು ವಿಶೇಷ ಪ್ರೋಟೀನುಗಳೂ ತುಂಬಿ, ಚಿಕ್ಕಿಯ ಪಾಕ ತಣಿದು ಗಾಜಿನಂತೆ ಬಿಗಿಯುವ ಹಾಗೆ ಒಳಗೆಲ್ಲ ಗಟ್ಟಿಯಾಗುತ್ತದೆ. ಪೊರೆಗಳು ಹರಿಯುವುದಿಲ್ಲ, ರಾಸಾಯನಿಕ ಕ್ರಿಯೆಗಳು ಹೆಚ್ಚುಕಡಿಮೆ ನಿಂತೇ ಹೋಗುತ್ತವೆ. ತೇವಾಂಶ ನೂರಕ್ಕೆ ಐದಕ್ಕೆ ಇಳಿದರೂ ಜೀವ ಉಳಿಯುತ್ತದೆ. ಇಸ್ರೇಲಿನ ಮಸಾಡ ಕೋಟೆಯ ಅವಶೇಷಗಳಲ್ಲಿ ಸಿಕ್ಕ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದನ್ನು 2005ರಲ್ಲಿ ಬಿತ್ತಿದಾಗ ಅದು ಮೊಳೆತು ಗಿಡವಾಯಿತು.

ಎರಡನೆಯ ಪಂಗಡದ್ದು ಬೇರೆಯೇ ಸ್ವಭಾವ. ಮಾವು, ಹಲಸು, ನೇರಳೆ, ಧೂಪ, ಕಿರಾಲಭೋಗಿ ಇವುಗಳ ಬೀಜ ಮರದಿಂದ ಬೀಳುವಾಗಲೇ ಹಸಿಯಾಗಿರುತ್ತದೆ, ಉಸಿರಾಡುತ್ತಿರುತ್ತದೆ, ಮೊಳೆಯುವ ಕೆಲಸವನ್ನು ಒಳಗೊಳಗೇ ಆರಂಭಿಸಿಬಿಟ್ಟಿರುತ್ತದೆ. ತೇವಾಂಶ ನೂರಕ್ಕೆ ಇಪ್ಪತ್ತು ಮೂವತ್ತಕ್ಕಿಂತ ಕೆಳಗಿಳಿದರೆ ಪೊರೆಗಳು ಹರಿದು ಸಾಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಚಳಿಗೇ ಸಾಯುವವೂ ಉಂಟು. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ ಬೆಟ್ಟ ಕೊರೆದು 2008ರಲ್ಲಿ ತೆರೆದ ಜಗತ್ಪ್ರಸಿದ್ಧ ಬೀಜ ಭಂಡಾರವಿದೆ. ಮೈನಸ್ 18 ಡಿಗ್ರಿಯಲ್ಲಿ ಲೋಕದ ಧಾನ್ಯಗಳನ್ನೆಲ್ಲ ಕಾಯುವ ಆ ಭಂಡಾರಕ್ಕೆ ನಮ್ಮ ಒಂದು ಹಲಸಿನ ಬೀಜವನ್ನು ಬದುಕಿಸಿಡಲು ಬರುವುದಿಲ್ಲ! ನಿತ್ಯಹರಿದ್ವರ್ಣದ ಮಳೆಕಾಡುಗಳ ಮರಗಳಲ್ಲಿ ಸುಮಾರು ಅರ್ಧದಷ್ಟು ಈ ಜಾತಿಯವು ಎಂಬುದು ವಿಜ್ಞಾನಿಗಳ ಅಂದಾಜು. ಸದಾ ತೇವವಿರುವ ನೆಲದಲ್ಲಿ ಕಾಯುತ್ತಾ ಕೂತರೆ ಇಲಿ, ಹಂದಿಗಳ ಪಾಲಾಗುವುದೇ ಹೆಚ್ಚು. ದೊಡ್ಡ ಬೀಜದಲ್ಲಿ ಬುತ್ತಿ ಕಟ್ಟಿಕೊಂಡು ಬಿದ್ದಲ್ಲೇ ಬೇಗ ಮೊಳೆಯುವುದು ಅಲ್ಲಿ ಬುದ್ಧಿವಂತಿಕೆ.

ಇದರಿಂದಾಗುವ ತೊಡಕು ಕ್ಯಾಲೆಂಡರಿನದು. ವನಮಹೋತ್ಸವವನ್ನು 1950ರಲ್ಲಿ ಕೆ. ಎಂ. ಮುನ್ಶಿ ಆರಂಭಿಸಿದಂದಿನಿಂದ ಜುಲೈ ಮೊದಲ ವಾರ ಗಿಡ ನೆಡುವ ವಾರ. ಜೂನ್ 5ರ ಪರಿಸರ ದಿನ ಬೇರೆ. ಒಣಗಲು ಒಪ್ಪದ ಬೀಜಗಳಲ್ಲಿ ಬಹುಪಾಲು ಉದುರುವುದೂ ರೋಹಿಣಿಯಿಂದ ಆರಿದ್ರಾ ಮಳೆಯ ನಡುವೆಯೇ. ಎಲ್ಲರೂ ಗುಂಡಿ ತೋಡಿ ಫೋಟೋ ತೆಗೆಸಿಕೊಳ್ಳುತ್ತಿರುವಾಗ ಮುಂದಿನ ವರ್ಷದ ಸಸಿ ಮರದಡಿಯಲ್ಲಿ ಕೊಳೆಯುತ್ತಿರುತ್ತದೆ. ಬೇವಿನ ಬೀಜವೂ ಇದೇ ಹೊತ್ತಿಗೆ ಉದುರುತ್ತದೆ, ಮೊಳೆಯುವ ಶಕ್ತಿಯನ್ನು ಕೆಲವೇ ವಾರಗಳಲ್ಲಿ ಕಳೆದುಕೊಳ್ಳುತ್ತದೆ. ಇವುಗಳನ್ನು ಆರಿಸಲು ಟೆಂಡರು ಕರೆದರೆ ಅದು ಅಂತಿಮವಾಗುವ ಮುಂಚೆ ಬೀಜ ಸತ್ತಿರುತ್ತದೆ. ಬೀಜ ಬಿದ್ದ ದಿನವೇ ಬಗ್ಗಿ ಹೆಕ್ಕುವ, ಅಂದೇ ಸಂಜೆ ತೊಳೆದು ಊರುವ ನೆರೆಯವರು ಬೇಕು.

ಇಂಥ ನೆರೆಯವರು ನಮ್ಮಲ್ಲಿ ಇದ್ದರು. ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರಿನಲ್ಲಿ ಮರಗಳನ್ನು ತಬ್ಬಿ ನಿಂತ ಅಪ್ಪಿಕೋ ಚಳವಳಿ ಎಲ್ಲರಿಗೂ ನೆನಪಿದೆ. ‘ಉಳಿಸು, ಬೆಳೆಸು, ಬಳಸು’ ಎಂಬ ಅದರ ಘೋಷಣೆಯ ನಡುವಿನ ಮಾತು ಮಾತ್ರ ಮರೆತುಹೋದಂತಿದೆ. ಮರ ಕಡಿತ ನಿಂತ ಮೇಲೆ ಪಾಂಡುರಂಗ ಹೆಗಡೆ ಮತ್ತು ಸಂಗಡಿಗರು ಮನೆಮನೆಯ ನರ್ಸರಿಗಳತ್ತ ತಿರುಗಿದರು. ಹಳ್ಳಿಯ ಕುಟುಂಬಗಳೂ ಯುವಕ ಮಂಡಳಿಗಳೂ ಸಸಿ ಎಬ್ಬಿಸಿದವು. 1984-85ರಲ್ಲಿ ಶಿರಸಿ ಸೀಮೆಯೊಂದರಲ್ಲೇ 12 ಲಕ್ಷ ಸಸಿಗಳು ಬೆಳೆದವು. ಪ್ಲಾಸ್ಟಿಕ್ ಕೊಟ್ಟೆಗಳನ್ನು ಕೊಟ್ಟದ್ದು ಅರಣ್ಯ ಇಲಾಖೆ.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯದ್ದು. ಚಳವಳಿಯವರೇ ಬರೆದಿಟ್ಟ ಲೆಕ್ಕದಂತೆ ಹಳ್ಳಿಗರಿಗೆ ಸಸಿಯೊಂದಕ್ಕೆ ಸಿಕ್ಕಿದ್ದು 20 ಪೈಸೆ. ಇಲಾಖೆ ತಾನೇ ಬೆಳೆಸಿದರೆ ಒಂದಕ್ಕೆ ತಗಲುತ್ತಿದ್ದದ್ದು ಕನಿಷ್ಠ 2 ರೂಪಾಯಿ. ತಾವು ಅಗ್ಗದ ಕೂಲಿಗಳಾಗುತ್ತಿದ್ದೇವೆ ಎಂಬುದು ಅವರಿಗೆ ಅರ್ಥವಾಯಿತು. ಇಲಾಖೆಗೆ ಕೊಡುವುದನ್ನು ಬಿಟ್ಟು, ತಮ್ಮ ಬೆಟ್ಟ, ತಮ್ಮ ಊರಿಗೆ ಬೇಕಾದಷ್ಟನ್ನೇ ಬೆಳೆಸತೊಡಗಿದರು. ನನ್ನ ಮಟ್ಟಿಗೆ 12 ಲಕ್ಷದ ದಾಖಲೆಗಿಂತ ಈ ತೀರ್ಮಾನ ದೊಡ್ಡದು. ಸ್ವಯಂಸೇವಕರ ನರ್ಸರಿ ಸಂಖ್ಯೆಯ ಬೆನ್ನು ಹತ್ತಿದ ದಿನವೇ ಸುಲಭದ ಬೀಜಗಳತ್ತ ಜಾರುತ್ತದೆ. ಇಲಾಖೆ ಮಾಡುವುದನ್ನೇ ಸಣ್ಣದಾಗಿ ಮಾಡುವುದಾದರೆ ಅದರ ಅಗತ್ಯವೇನು?

ಬೀಜದ ಬಗೆಗಿನ ತಿಳಿವು ಪುಸ್ತಕಕ್ಕಿಂತ ಕೈಯಲ್ಲಿ ಹೆಚ್ಚಿರುತ್ತದೆ ಎನ್ನುವುದಕ್ಕೆ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರಿಗಿಂತ ಬೇರೆ ಸಾಕ್ಷಿ ಬೇಡ. ಶಾಲೆಯ ಮೆಟ್ಟಿಲು ಹತ್ತದ ಈ ಹಾಲಕ್ಕಿ ಮಹಿಳೆ ಸಣ್ಣ ವಯಸ್ಸಿನಲ್ಲೇ ತಾಯಿಯ ಜೊತೆ ನರ್ಸರಿ ಕೆಲಸಕ್ಕೆ ಹೋದವರು. ಅರಣ್ಯ ಇಲಾಖೆಯ ದಿನಗೂಲಿಯಾಗಿ ದಶಕಗಳ ಕಾಲ ದುಡಿದರು. ಯಾವ ಮರ ತಾಯಿಮರವಾಗಲು ಯೋಗ್ಯ, ಅದರ ಬೀಜ ಯಾವ ಹದಕ್ಕೆ ಬಂದಾಗ ಹೆಕ್ಕಬೇಕು ಎಂಬುದು ಅವರಿಗೆ ಕಂಡುಬರುತ್ತಿತ್ತು. 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದ ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ತಾಯಿಮರದ ವಿಚಾರದಲ್ಲಿ ಉತ್ಸಾಹಿಗಳು ಎಡವುವುದು ಹೆಚ್ಚು. ಒಂದೇ ಹೊಂಗೆ ಮರದಡಿ ಚೀಲದ ತುಂಬ ಬೀಜ ಸಿಕ್ಕಿತೆಂದು ಅದನ್ನೇ ಬಿತ್ತಿ ಊರಿಗೆಲ್ಲ ಹಂಚಿದರೆ ಊರಿನ ಹೊಂಗೆಗಳೆಲ್ಲ ಒಡಹುಟ್ಟಿದವಾಗುತ್ತವೆ. ಮುಂದೆ ಅವು ತಮ್ಮತಮ್ಮಲ್ಲೇ ಪರಾಗ ಹಂಚಿಕೊಂಡಾಗ ಹುಟ್ಟುವ ಗಿಡಗಳು ಸೊರಗುತ್ತವೆ, ಒಂದು ರೋಗ ಬಂದರೆ ಒಟ್ಟಿಗೇ ಬೀಳುತ್ತವೆ. ದೂರದೂರದ ಹತ್ತಾರು ಮರಗಳಿಂದ ಸ್ವಲ್ಪ ಸ್ವಲ್ಪ ಬೀಜ ತಂದು ಬೆರೆಸುವುದು ಸರಿಯಾದ ಕ್ರಮ. ಎಲ್ಲಿಂದ ತಂದದ್ದು ಎಂದು ಚೀಟಿ ಬರೆದಿಡಬೇಕು.

‘ಸ್ಥಳೀಯ’ ಎಂಬುದಕ್ಕೂ ಎಲ್ಲೆ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗ ನಗರಕ್ಕೆ ಬರುವ ಹೊತ್ತಿಗೆ ಅದು ಸಾವಿರಕ್ಕಿಂತ ಕೆಳಗಿಳಿಯುತ್ತದೆ. ಜಿಲ್ಲೆ ಒಂದೇ ಎಂದು ಧೂಪವನ್ನು ತಂದು ವಿದ್ಯಾನಗರದ ರಸ್ತೆ ಬದಿಯಲ್ಲಿ ನೆಟ್ಟರೆ ಬೇಸಿಗೆ ದಾಟುವುದು ಕಷ್ಟ. ಇದು ಹೊನ್ನೆ, ಮತ್ತಿ, ದಿಂಡಗ, ಬೀಟೆ, ತಾರೆ, ನೆಲ್ಲಿ, ಮುತ್ತುಗ, ಕಕ್ಕೆಗಳ ಸೀಮೆ. ತುಂಗೆಯ ದಡಕ್ಕಾದರೆ ಹೊಳೆಮತ್ತಿ, ಹೊಂಗೆ, ನೇರಳೆ. ಮಡಗಾಸ್ಕರದ ಗುಲ್‌ಮೊಹರ್, ಅಮೆರಿಕ ಖಂಡದ ಮಳೆಮರಗಳು ನೆರಳು ಕೊಡುತ್ತವೆ ನಿಜ, ನಾನೇನೂ ಅವನ್ನು ಕಡಿಯಿರಿ ಎನ್ನುವುದಿಲ್ಲ. ಆದರೆ ಹೊಸದಾಗಿ ನೆಡುವಾಗಲೂ ಅವೇ ಏಕೆ?

ಒಣಬೀಜಗಳ ಪಂಗಡದಲ್ಲೂ ಸುಲಭದವು ಮಾತ್ರ ಇವೆ ಎಂದುಕೊಳ್ಳಬೇಡಿ. ಕಕ್ಕೆಯ ಬೀಜದ ಸಿಪ್ಪೆಯೊಳಗೆ ನೀರು ಇಳಿಯುವುದೇ ಇಲ್ಲ. ಕಾಡಿನಲ್ಲಿ ಕರಡಿ ಕೋಡನ್ನು ತಿಂದು, ಹೊಟ್ಟೆಯ ಆಮ್ಲದಲ್ಲಿ ಸಿಪ್ಪೆ ಸವೆದು ಹೊರಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ. ನಮ್ಮಲ್ಲಿ ಕರಡಿಯ ಕೆಲಸವನ್ನು ಒರಟು ಕಲ್ಲೋ ಬಿಸಿನೀರೋ ಮಾಡಬೇಕು. ನೆಲ್ಲಿಕಾಯಿಯ ಓಟೆಯನ್ನು ಒಡೆಯಲು ಹೋಗಿ ಒಳಗಿನ ಬೀಜ ಜಜ್ಜುವವರೇ ಹೆಚ್ಚು. ಬಿಸಿಲಿಗೆ ಹಾಕಿದರೆ ಅದು ತಾನೇ ಸಿಡಿಯುತ್ತದೆ. ಹಸಿಬೀಜದ ಪಂಗಡದ ನೇರಳೆಯಂತೂ ಉದಾರಿ, ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುವುದುಂಟು.

ಶ್ರೀಗಂಧದ ಕಥೆಯೇ ಬೇರೆ. ಗಂಧಕ್ಕೂ ಗುಡಿಗಾರರ ಕೆತ್ತನೆಗೂ ಹೆಸರಾದ ಈ ಜಿಲ್ಲೆಯಲ್ಲಿ ಗಂಧದ ಸಸಿ ತಂದು ನೆಟ್ಟು, ಎಲೆ ಹಳದಿಯಾಗಿ ಒಣಗಿತೆಂದು ಪೇಚಾಡುವವರು ಬಹಳ. ಗಂಧ ಅರೆಪರಾವಲಂಬಿ. ಎಲೆಯಲ್ಲಿ ತನ್ನ ಆಹಾರ ತಾನು ಮಾಡಿಕೊಂಡರೂ ನೀರು, ಲವಣಗಳಲ್ಲಿ ಬಹುಪಾಲನ್ನು ಪಕ್ಕದ ಗಿಡದ ಬೇರಿಗೆ ತನ್ನ ಹೀರುಬೇರನ್ನು ಅಂಟಿಸಿ ಪಡೆಯುತ್ತದೆ. ಹಾಗಾಗಿ ಕೊಟ್ಟೆಯಲ್ಲಿ ಗಂಧಕ್ಕೆ ನಾಲ್ಕೆಲೆ ಬಂದ ಮೇಲೆ ಪಕ್ಕದಲ್ಲೇ ಒಂದು ತೊಗರಿ ಕಾಳು ಊರುತ್ತಾರೆ. ತೊಗರಿ ಎತ್ತರವಾಗಿ ನೆರಳು ಕವಿಯದಂತೆ ಆಗಾಗ ತುದಿ ಚಿವುಟಬೇಕು. ನೆಟ್ಟ ಮೇಲೂ ಹತ್ತಿರದಲ್ಲಿ ಬೇರೆ ಗಿಡಗಳಿರಬೇಕು.

ಕೊಟ್ಟೆಗೆ ತುಂಬುವ ಮಣ್ಣಿಗೆ ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಎಲ್ಲರೂ ಹಾಕುತ್ತಾರೆ. ಅದಕ್ಕೆ ಅದೇ ಜಾತಿಯ ಮರದ ಬುಡದ ಒಂದು ಹಿಡಿ ಮಣ್ಣು ಸೇರಿಸುವುದು ಹಳಬರ ರೂಢಿ. ಇದರ ಹಿಂದೆ ವಿಜ್ಞಾನವಿದೆ. ಬಹುಪಾಲು ಮರಗಳ ಬೇರಿನ ಜೊತೆ ಶಿಲೀಂಧ್ರಗಳು ಸಂಸಾರ ಹೂಡಿರುತ್ತವೆ. ಅವು ರಂಜಕವನ್ನು ದೂರದಿಂದ ಹೀರಿ ಬೇರಿಗೆ ಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತವೆ. ಧೂಪ, ಕಿರಾಲಭೋಗಿಗಳ ಬೇರಿನಲ್ಲಿರುವುದು ಬೇರೆಯೇ ಬಗೆಯ ಶಿಲೀಂಧ್ರ, ಅದು ಎಲ್ಲ ಮಣ್ಣಲ್ಲೂ ಸಿಗದು. ಬೇರಿನದೇ ಇನ್ನೊಂದು ಸಮಸ್ಯೆ ಕೊಟ್ಟೆಯ ತಳದಲ್ಲಿ ಸುರುಳಿ ಸುತ್ತುವುದು. ಸುತ್ತಿದ ಬೇರು ನೆಟ್ಟ ಮೇಲೂ ಹಾಗೇ ದಪ್ಪವಾಗಿ, ವರ್ಷಗಳ ನಂತರ ಗಾಳಿಗೆ ಮರ ಉರುಳಬಹುದು. ತಿಂಗಳಿಗೊಮ್ಮೆ ಕೊಟ್ಟೆ ಸರಿಸಿಟ್ಟು ನೆಲಕ್ಕಿಳಿದ ಬೇರು ಕತ್ತರಿಸುವ ಬೇಸರದ ಕೆಲಸಕ್ಕೆ ಜನ ಸಿಗುವುದೇ ಇಂಥ ನರ್ಸರಿಗಳ ನಿಜವಾದ ಪರೀಕ್ಷೆ. ಕೀನ್ಯಾದಲ್ಲಿ ವಂಗಾರಿ ಮಾತಾಯಿ 1977ರಲ್ಲಿ ಹಳ್ಳಿ ಹೆಂಗಸರ ನರ್ಸರಿಗಳನ್ನು ಕಟ್ಟಿದಾಗ ಕಾಸು ಕೊಟ್ಟದ್ದು ನೆಟ್ಟ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ. ಕೋಟಿಗಟ್ಟಲೆ ಮರಗಳಾದವು, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು.

ಎಲ್ಲ ಮರವೇ ಆಗಬೇಕೆಂದಿಲ್ಲ. ಕರ್ನಾಟಕದ ರಾಜ್ಯ ಚಿಟ್ಟೆಯ ಹುಳು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಂಧುಗಳ ಎಲೆಯನ್ನು ಮಾತ್ರ. ಕಾಂಪೌಂಡಿಗೆ ಹಬ್ಬಿಸಲು ಒಂದು ಬಳ್ಳಿ ಸಾಕು, ಮಾರುವ ನರ್ಸರಿಗಳಲ್ಲಿ ಮಾತ್ರ ಅದನ್ನು ಕೇಳಿದರೆ ಮುಖ ನೋಡುತ್ತಾರೆ. ಆಲ, ಬಸರಿ, ಅರಳಿ ಸಸಿಗಳಿಗಂತೂ ಬೀಜ ಹುಡುಕಬೇಕಾಗಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತಾರಸಿಯ ಬಿರುಕು, ನೀರಿನ ತೊಟ್ಟಿಯ ಸಂದುಗಳಲ್ಲಿ ಹಕ್ಕಿಗಳು ಬಿತ್ತಿ ಹೋಗಿರುತ್ತವೆ. ಕಿತ್ತೆಸೆಯುವ ಬದಲು ಕೊಟ್ಟೆಗೆ ಹಾಕಿ.

ಶೆಟ್ಟಿಹಳ್ಳಿ, ಭದ್ರಾದಂಥ ಅಭಯಾರಣ್ಯಗಳೊಳಗಿಂದ ಅನುಮತಿಯಿಲ್ಲದೆ ಬೀಜ ತರುವುದು ಕಾನೂನಿಗೆ ವಿರುದ್ಧ, ತರಬೇಡಿ. ಅದರ ಅಗತ್ಯವೂ ಇಲ್ಲ. ಊರೊಳಗಿನ ಶಾಲೆ, ದೇವಸ್ಥಾನ, ಹೊಳೆದಂಡೆಯ ಮರಗಳೇ ಆರಂಭಕ್ಕೆ ಸಾಕಷ್ಟು ಕೊಡುತ್ತವೆ. ಬರುವ ಮೃಗಶಿರ ಮಳೆಗೆ ಮನೆಯಲ್ಲಿ ನೇರಳೆ ತಿಂದರೆ ಬೀಜವನ್ನು ಅಂದೇ ತೊಳೆದು, ಹಸಿ ಮಣ್ಣಿನಲ್ಲಿ ಒಂದಿಂಚು ಆಳಕ್ಕೆ ಊರಿ. ನಾಳೆಗೆಂದು ಒಣಗಲು ಇಡಬೇಡಿ.