ಹಳೆಯ ಟೇಪಿನ ದನಿ

ಚಿತ್ರದುರ್ಗದ ಜೋಗಿಮಟ್ಟಿ ಗಾಳಿಗೆ ಹೆಸರಾದ ಬೆಟ್ಟ. ಮೂವತ್ತು ವರ್ಷಗಳ ಹಿಂದೆ ಅಲ್ಲಿಗೆ ವನಭೋಜನಕ್ಕೆ ಹೋದ ಮನೆಯವರು ತೆಗೆದ ವಿಡಿಯೋ ಕ್ಯಾಸೆಟ್ಟೊಂದು ಪೆಟ್ಟಿಗೆಯಲ್ಲಿದೆ ಎಂದು ಭಾವಿಸೋಣ. ಅದರಲ್ಲಿ ಅಜ್ಜಿ ಬಂಡೆಯ ಮೇಲೆ ಕುಳಿತು ಸೋಬಾನೆ ಪದ ಹೇಳುತ್ತಾರೆ. ಅಜ್ಜಿ ಇಂದು ಇಲ್ಲ. ಅವರ ದನಿ ಉಳಿದಿರುವುದು ಇದೊಂದರಲ್ಲೇ.

1976ರಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ವಿ.ಎಚ್.ಎಸ್. ಕ್ಯಾಸೆಟ್ಟಿನೊಳಗೆ ಅರ್ಧ ಅಂಗುಲ ಅಗಲದ ಕಾಂತೀಯ ಟೇಪು ಇರುತ್ತದೆ. ಚಿತ್ರವು ಓರೆ ಗೆರೆಗಳಾಗಿ ಟೇಪಿನ ಅಗಲಕ್ಕೂ ಹರಡಿಕೊಂಡರೆ, ಸಾಧಾರಣ ಧ್ವನಿಯು ಅಂಚಿನ ಕಿರುದಾರಿಯೊಂದರಲ್ಲಿ ಅಡಗಿರುತ್ತದೆ. ಆದುದರಿಂದಲೇ ಅಂಚು ಮಡಿಸಿಕೊಂಡ ಟೇಪಿನಲ್ಲಿ ಚಿತ್ರ ಚೆನ್ನಾಗಿದ್ದರೂ ಮಾತು ಕೆಡುತ್ತದೆ.

ಇದನ್ನು ಡಿಜಿಟಲ್ ರೂಪಕ್ಕೆ ತರುವಾಗ ಮೊದಲು ನೋಡಬೇಕಾದುದು ಟೇಪನ್ನು ನುಡಿಸುವ ಯಂತ್ರವನ್ನು, ಗಣಕವನ್ನಲ್ಲ. ಧ್ವನಿಯ ಹೆಡ್ಡಿಗೆ ಕೊಳೆ ಹತ್ತಿದ್ದರೆ ಅಥವಾ ಅದರ ನಿಲುವು ಕೊಂಚ ವಾಲಿದ್ದರೆ ತಾರಸ್ವರಗಳು ಮಂಕಾಗುತ್ತವೆ. ಅದನ್ನು ಆಮೇಲೆ ಗಣಕದಲ್ಲಿ ಎತ್ತಲು ಹೊರಟರೆ ಟೇಪಿನ ಸುಸ್ಸೆಂಬ ಸದ್ದೇ ಮುಂದಾಗುತ್ತದೆ. ಗುಂಯ್‌ಗುಡುವ ನಾದವು ಮನೆಯ 50 ಹರ್ಟ್ಸ್ ವಿದ್ಯುತ್ತಿನದು. ಉಪಕರಣಗಳೆಲ್ಲವನ್ನೂ ಒಂದೇ ಕಡೆಯಿಂದ ವಿದ್ಯುತ್ತಿಗೆ ಜೋಡಿಸಿದರೆ ಎಷ್ಟೋ ವೇಳೆ ಅದು ತಾನೇ ಅಡಗುತ್ತದೆ.

ಇನ್ನು ಗಾಳಿ. ಅದರ ಮೊರೆತ ಬಹುಪಾಲು ಮಂದ್ರದಲ್ಲಿರುತ್ತದೆ, ಅಜ್ಜಿಯ ದನಿ ಅದಕ್ಕಿಂತ ಮೇಲೆ. ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿ ತೆಗೆದರೆ ಹಾಡು ತೇಲಿ ಬರುತ್ತದೆ. ಆದರೆ ಗಾಳಿ ಮೈಕಿಗೆ ಬಡಿದು ಅದರ ಮಿತಿ ಮೀರಿದ ಕ್ಷಣಗಳಲ್ಲಿ ಹಾಡೂ ಹರಿದಿರುತ್ತದೆ. ಅಲ್ಲಿ ಸೋಸಿದರೂ ದಕ್ಕುವುದು ಅಲ್ಪ. ಅತಿಯಾಗಿ ಸೋಸಿದಲ್ಲಿ ಪದದ ನಡುವೆ ಅಜ್ಜಿ ಎಳೆದುಕೊಂಡ ಉಸಿರೂ ಹೊರಟುಹೋಗುತ್ತದೆ. ಬಲ್ಲವರು ತಿದ್ದದ ಪ್ರತಿಯೊಂದನ್ನು ಹಾಗೆಯೇ ತೆಗೆದಿರಿಸಿ, ಇನ್ನೊಂದರ ಮೇಲೆ ಕೈಯಾಡಿಸುತ್ತಾರೆ.