ಸಿಸಿಟಿವಿ ವಿಡಿಯೊದಿಂದ ಸ್ಪಷ್ಟ ಫೋಟೊ ತೆಗೆಯೋದು ಹೇಗೆ? ಅಂಗಡಿಯವರು ತಿಳಿದಿರಬೇಕಾದ ಕೆಲಸ

ಗಲ್ಲಾಪೆಟ್ಟಿಗೆಗೆ ಯಾರೋ ಕೈ ಹಾಕಿದ್ರು, ಅಂಗಡಿ ಮುಂದೆ ನಿಲ್ಲಿಸಿದ್ದ ಬೈಕ್ ಕಾಣ್ತಿಲ್ಲ ಅಂದ ತಕ್ಷಣ ಬಹಳ ಜನ ಮಾಡೋ ಕೆಲಸ ಒಂದೇ. ಸಿಸಿಟಿವಿ ಹಿಂದಕ್ಕೆ ಓಡಿಸಿ, ಟಿವಿ ಮುಂದೆ ಮೊಬೈಲ್ ಹಿಡಿದು ಫೋಟೊ ಹೊಡೆದು, ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿಡೋದು. ಆ ಫೋಟೊದಲ್ಲಿ ಪರದೆಯ ಗೆರೆ, ಟ್ಯೂಬ್‌ಲೈಟ್ ಬೆಳಕು, ಫೋಟೊ ಹೊಡೆದವರ ನೆರಳು ಎಲ್ಲಾ ಇರುತ್ತೆ. ಬೇಕಾದ ಮುಖ ಮಾತ್ರ ಸರಿಯಾಗಿ ಕಾಣಲ್ಲ.

ಅದೇ ವಿಡಿಯೊ ಫೈಲಿನೊಳಗೆ ಇದಕ್ಕಿಂತ ಒಳ್ಳೆಯ ಚಿತ್ರ ಇರುತ್ತದೆ. ಅದನ್ನು ಹೊರತೆಗೆಯುವ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಒಂದು ಸಾಮಾನ್ಯ ಕಂಪ್ಯೂಟರ್ ಇದ್ದರೆ ಸಾಕು.

ವಿಡಿಯೊ ಅಂದ್ರೆ ಫೋಟೊಗಳ ಸಾಲು

ವಿಡಿಯೊ ಅನ್ನೋದು ಒಂದರ ಹಿಂದೆ ಒಂದು ಓಡುವ ಫೋಟೊಗಳು. ಒಂದೊಂದು ಫೋಟೊಗೆ ಫ್ರೇಮ್ ಅಂತಾರೆ. ಸೆಕೆಂಡಿಗೆ 25 ಫ್ರೇಮ್ ಸೆಟ್ ಮಾಡಿದ್ದರೆ, 4 ಸೆಕೆಂಡ್ ಕ್ಯಾಮೆರಾ ಮುಂದೆ ಬಂದುಹೋದವನ 100 ಫೋಟೊ ನಿಮ್ಮ ಹತ್ತಿರ ಇವೆ. ನಡೆಯುವಾಗಿನ ಫ್ರೇಮ್‌ಗಳು ಹೆಚ್ಚಾಗಿ ಮಸುಕಾಗಿರುತ್ತವೆ. ತಲೆ ಎತ್ತಿ ಅರೆಗಳಿಗೆ ನಿಂತ ಒಂದೆರಡು ಫ್ರೇಮ್ ಕೆಲಸಕ್ಕೆ ಬರುತ್ತವೆ. ಅದನ್ನು ಹುಡುಕೋದೇ ಇಲ್ಲಿ ಮುಖ್ಯ.

ಮೊದಲು ಮೂಲ ವಿಡಿಯೊ ತೆಗೆದಿಡಿ

ಮೊಬೈಲ್ ಆ್ಯಪ್‌ನಲ್ಲಿ ಕಾಣುವ ವಿಡಿಯೊ ಸಾಮಾನ್ಯವಾಗಿ ಇಂಟರ್‌ನೆಟ್ ಉಳಿಸಲು ಕಡಿಮೆ ಗುಣಮಟ್ಟದಲ್ಲಿ ಬರುತ್ತದೆ. ಅದರ ಸ್ಕ್ರೀನ್‌ಶಾಟ್ ನಂಬಬೇಡಿ. ಡಿವಿಆರ್‌ಗೆ ಪೆನ್‌ಡ್ರೈವ್ ಹಾಕಿ, ಮೆನುವಿನಲ್ಲಿ ಬ್ಯಾಕಪ್ ಅಥವಾ ಎಕ್ಸ್‌ಪೋರ್ಟ್ ಆರಿಸಿ, ಕ್ಯಾಮೆರಾ ನಂಬರ್ ಮತ್ತು ಸಮಯ ಕೊಟ್ಟು ವಿಡಿಯೊ ಕಾಪಿ ಮಾಡಿ. ಎಂಪಿ4 ಅಥವಾ ಎವಿಐ ಅಂತ ಆಯ್ಕೆ ಇದ್ದರೆ ಅದನ್ನೇ ಒತ್ತಿ.

ಈ ಕೆಲಸ ಅವತ್ತೇ ಮಾಡಿ. ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತೆ. ಇನ್ನೊಂದು ವಾರ ಬಿಟ್ಟು ನೋಡೋಣ ಅಂದ್ರೆ ಇರಲಿಕ್ಕಿಲ್ಲ. ವಿಡಿಯೊವನ್ನು ಯಾರಿಗಾದರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಿದ್ದರೆ ‘ಡಾಕ್ಯುಮೆಂಟ್’ ಅಂತ ಕಳಿಸಿ. ಮಾಮೂಲಿ ವಿಡಿಯೊ ಥರ ಕಳಿಸಿದರೆ ಗಾತ್ರ ಕುಗ್ಗಿ ಚಿತ್ರ ಕೆಡುತ್ತದೆ.

ವಿಎಲ್‌ಸಿಯಲ್ಲಿ ಹೀಗೆ

ವಿಎಲ್‌ಸಿ ಉಚಿತ ಪ್ಲೇಯರ್. ವಿಡಿಯೊ ತೆರೆದು ಬೇಕಾದ ಜಾಗದ ಸ್ವಲ್ಪ ಮುಂಚೆ ಪಾಸ್ ಮಾಡಿ. ಕೀಬೋರ್ಡಿನಲ್ಲಿ ಇಂಗ್ಲಿಷ್‌ನ ‘ಇ’ ಅಕ್ಷರ ಒತ್ತಿದಂತೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತೆ. ಅವಸರ ಮಾಡದೆ ನೋಡುತ್ತಾ ಹೋಗಿ. ಒಳ್ಳೆಯ ಫ್ರೇಮ್ ಸಿಕ್ಕಾಗ ಮೇಲಿನ ವಿಡಿಯೊ ಮೆನುವಿನಲ್ಲಿ ‘ಟೇಕ್ ಸ್ನ್ಯಾಪ್‌ಶಾಟ್’ ಒತ್ತಿ. ವಿಂಡೋಸ್‌ನಲ್ಲಿ ಶಿಫ್ಟ್ ಜೊತೆ ‘ಎಸ್’ ಒತ್ತಿದರೂ ಆಯಿತು. ಸೆಟ್ಟಿಂಗ್ ಬದಲಿಸಿರದಿದ್ದರೆ ಚಿತ್ರ ಪಿಕ್ಚರ್ಸ್ ಫೋಲ್ಡರಿಗೆ ಹೋಗುತ್ತೆ. ಒಂದೇ ಅಲ್ಲ, ಐದಾರು ಫ್ರೇಮ್ ತೆಗೆದಿಡಿ.

ಕತ್ತಲಿದ್ದರೆ ಎಡಿಟಿಂಗ್ ಸಾಫ್ಟ್‌ವೇರ್

ರಾತ್ರಿಯ ವಿಡಿಯೊ ಕಪ್ಪಗಿದ್ದರೆ ಶಾಟ್‌ಕಟ್ ಎಂಬ ಉಚಿತ ಎಡಿಟಿಂಗ್ ಸಾಫ್ಟ್‌ವೇರ್ ಬಳಸಬಹುದು. ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಮೋಡ್ ‘ಆಟೊಮ್ಯಾಟಿಕ್’ ಇರಲಿ. ಇಲ್ಲದಿದ್ದರೆ ಚಿತ್ರದ ಅಳತೆ ಬದಲಾಗಬಹುದು. ವಿಡಿಯೊ ತೆರೆದು, ಎಡ-ಬಲ ಬಾಣದ ಕೀಗಳಿಂದ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗಿ. ಫಿಲ್ಟರ್ಸ್‌ನಲ್ಲಿ ಬ್ರೈಟ್‌ನೆಸ್ ಸೇರಿಸಿ ಸ್ವಲ್ಪ ಏರಿಸಿ. ನಂತರ ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಲ್ಲಿ ‘ಫ್ರೇಮ್’ ಆರಿಸಿ ಸೇವ್ ಮಾಡಿ. ಎಲ್ಲೇ ಸೇವ್ ಮಾಡಿದರೂ ಪಿಎನ್‌ಜಿ ಮಾದರಿ ಒಳ್ಳೇದು. ಜೆಪಿಜಿಯಲ್ಲಿ ಗಾತ್ರ ಕುಗ್ಗಿಸುವಾಗ ಸಣ್ಣ ವಿವರ ಹೋಗುತ್ತವೆ.

ಎಐ ಮುಖವನ್ನು ನಂಬಬೇಡಿ

1080ಪಿ ಅಂದ್ರೆ 1920 ಅಡ್ಡ, 1080 ಉದ್ದ, ಒಟ್ಟು ಸುಮಾರು 20 ಲಕ್ಷ ಚುಕ್ಕಿಗಳು. ಆದರೆ ರಸ್ತೆಯ ಆಚೆ ನಿಂತವನ ಮುಖಕ್ಕೆ ಅದರಲ್ಲಿ ಸಿಗೋದು ಕೆಲವೇ ಚುಕ್ಕಿ. ಎಷ್ಟು ಜೂಮ್ ಮಾಡಿದರೂ ಚುಕ್ಕಿ ದೊಡ್ಡದಾಗುತ್ತೆ ಹೊರತು ಮೂಗು, ಕಣ್ಣು ಹೊಸದಾಗಿ ಹುಟ್ಟಲ್ಲ.

ಈಗ ಮಸುಕು ಫೋಟೊ ಹಾಕಿದರೆ ಫಳಫಳ ಮುಖ ಮಾಡಿಕೊಡುವ ಎಐ ಆ್ಯಪ್‌ಗಳಿವೆ. ಅವು ಇಲ್ಲದ ಕಣ್ಣು, ಮೂಗನ್ನು ಅಂದಾಜಿನ ಮೇಲೆ ತುಂಬುತ್ತವೆ. ಆ ಮುಖ ಕದ್ದವನದಲ್ಲ, ಯಂತ್ರ ಬರೆದದ್ದು. ಅದು ಪಕ್ಕದ ಊರಿನ ಯಾರನ್ನೋ ಹೋಲಿದರೆ? ಸಂತೆಗೆ ಬಂದ ಆ ಮನುಷ್ಯನ ಮೇಲೆ ಜನ ಕೈ ಮಾಡಿದರೆ ಆಮೇಲೆ ‘ತಪ್ಪಾಯ್ತು’ ಅಂದ್ರೆ ಮುಗಿಯಲ್ಲ. ಬೆಳಕು ಏರಿಸೋದು ಬೇರೆ, ಮುಖ ಹುಟ್ಟಿಸೋದು ಬೇರೆ. ಸ್ಪಷ್ಟ ಫೋಟೊ ಸಿಕ್ಕರೂ ಗ್ರೂಪಿಗೆ ಬಿಡುವ ಮೊದಲು ಠಾಣೆಗೆ ಕೊಡಿ.

ಠಾಣೆಗೆ ಹೋಗುವಾಗ

ಫೋಟೊ ಹುಡುಕಾಟಕ್ಕೆ ಅನುಕೂಲ ಅಷ್ಟೆ. ಮೂಲ ವಿಡಿಯೊವನ್ನು ಕತ್ತರಿಸದೆ, ಹೆಸರನ್ನೂ ಬದಲಿಸದೆ ಇಟ್ಟುಕೊಳ್ಳಿ. ಎಡಿಟ್ ಮಾಡೋದಿದ್ದರೆ ಇನ್ನೊಂದು ಕಾಪಿಯಲ್ಲಿ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಕಾಪಿಯನ್ನು ಕೋರ್ಟಿನಲ್ಲಿ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರ ಬಗ್ಗೆ ತನಿಖಾಧಿಕಾರಿಯನ್ನು ಕೇಳಿ. ಡಿವಿಆರ್ ಗಡಿಯಾರ ಮೊಬೈಲ್ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಅಂತ ಬರೆದುಕೊಂಡು ಹೋಗಿ. 10 ನಿಮಿಷದ ವ್ಯತ್ಯಾಸವೂ ಮುಂದೆ ಗೊಂದಲ ಮಾಡುತ್ತೆ.

ಕಳ್ಳತನ ಆಗುವವರೆಗೆ ಕಾಯೋದು ಬೇಡ. ಇವತ್ತು ಬಾಗಿಲು ಹಾಕುವ ಮುಂಚೆ ಗಿರಾಕಿಯ ಹಾಗೆ ನೀವೇ ಒಮ್ಮೆ ಒಳಗೆ ನಡೆದು ಬನ್ನಿ. ಆ ವಿಡಿಯೊ ಪೆನ್‌ಡ್ರೈವ್‌ಗೆ ಹಾಕಿ ಒಂದು ಫ್ರೇಮ್ ತೆಗೆದು ಮನೆಯವರಿಗೆ ತೋರಿಸಿ. ಅವರಿಗೇ ನಿಮ್ಮ ಗುರುತು ಸಿಗಲಿಲ್ಲ ಅಂದ್ರೆ ಕ್ಯಾಮೆರಾ ತುಂಬಾ ಮೇಲಿದೆ, ಇಲ್ಲಾ ಬೆಳಕಿಗೆ ಎದುರಾಗಿದೆ, ಇಲ್ಲಾ ಗಾಜಿನ ಮೇಲೆ ಧೂಳು, ಜೇಡರ ಬಲೆ ಇದೆ. ಅದನ್ನು ಸರಿ ಮಾಡಿಸಿ. ಕ್ಯಾಮೆರಾ ಹಿಡಿಯದ ಮುಖವನ್ನು ಯಾವ ಸಾಫ್ಟ್‌ವೇರೂ ತೆಗೆದುಕೊಡಲ್ಲ.